ಇಬ್ಬರು ಪಾಸಾದ ವರ್ಷ: ಹೈಮೆ ಎಸ್ಕಲಾಂಟೆ ಮೇಷ್ಟ್ರ ಪ್ರಕರಣ

1979ರಲ್ಲಿ ಈಸ್ಟ್ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನಿಂದ ಐದು ಮಕ್ಕಳು ಕ್ಯಾಲ್ಕುಲಸ್ ಪರೀಕ್ಷೆ ಬರೆದರು. ಪಾಸಾದವರು ಇಬ್ಬರು. ತರಗತಿ ಶುರುವಾದಾಗ 14 ಮಕ್ಕಳಿದ್ದರು, ಉಳಿದವರು ನಡುವೆಯೇ ಬಿಟ್ಟುಹೋಗಿದ್ದರು.

ಹೈಮೆ ಎಸ್ಕಲಾಂಟೆ ಮೇಷ್ಟ್ರ ಕಥೆಯನ್ನು ಸಾಮಾನ್ಯವಾಗಿ ಯಾರೂ ಇಲ್ಲಿಂದ ಶುರು ಮಾಡುವುದಿಲ್ಲ. 1982ರಿಂದ ಶುರು ಮಾಡುತ್ತಾರೆ. ಆ ವರ್ಷ 18 ಮಕ್ಕಳು ಪಾಸಾದರು, ಕಾಪಿ ಹೊಡೆದಿದ್ದಾರೆ ಅಂತ ಅನುಮಾನ ಬಂತು, ಮತ್ತೆ ಪರೀಕ್ಷೆ ಬರೆದು ಮತ್ತೆ ಪಾಸಾದರು, ಸುದ್ದಿ ಪೇಪರಿಗೆ ಬಂತು, ಕೊನೆಗೆ ಸಿನಿಮಾ ಕೂಡ ಆಯಿತು. ಆದರೆ ನನಗೆ ಆ ಇಬ್ಬರು ಪಾಸಾದ ವರ್ಷವೇ ಜಾಸ್ತಿ ಮುಖ್ಯ ಅನಿಸುತ್ತದೆ. ಶಾಲೆಗೆ ಸೇರಿ ಐದು ವರ್ಷ ದುಡಿದ ಮೇಲೆ ಕೈಗೆ ಸಿಕ್ಕಿದ್ದು ಇಬ್ಬರ ಪಾಸು. ಮರುವರ್ಷ ಅವರು ಅದೇ ತರಗತಿಯನ್ನು ಮತ್ತೆ ತೆರೆದರು. ಈ ಪ್ರಕರಣವನ್ನು ಅರ್ಥ ಮಾಡಿಕೊಳ್ಳಲು ಅಲ್ಲಿಂದಲೇ ನೋಡಬೇಕು.

ಎಸ್ಕಲಾಂಟೆ ಹುಟ್ಟಿದ್ದು 1930ರ ಡಿಸೆಂಬರ್ 31ರಂದು, ಬೊಲಿವಿಯಾದ ಲಾ ಪಾಸ್‌ನಲ್ಲಿ. ಅಪ್ಪ, ಅಮ್ಮ ಇಬ್ಬರೂ ಪಾಠ ಹೇಳುವವರೇ. ಇವರೂ ಅದೇ ದಾರಿ ಹಿಡಿದು ಬೊಲಿವಿಯಾದಲ್ಲಿ ಹಲವು ವರ್ಷ ಗಣಿತ, ಭೌತಶಾಸ್ತ್ರ ಕಲಿಸಿದರು. 1963ರಲ್ಲಿ ಅಮೆರಿಕಕ್ಕೆ ಬಂದಾಗ ವಯಸ್ಸು 30 ದಾಟಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ, ಊರಿನಲ್ಲಿ ಅಷ್ಟು ವರ್ಷ ಪಾಠ ಮಾಡಿದ ಅನುಭವಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಬೆಲೆ ಇರಲಿಲ್ಲ. ಪಾಸಡೀನಾದ ಒಂದು ಹೋಟೆಲಿನಲ್ಲಿ ನೆಲ ಒರೆಸಿದರು. ಆಮೇಲೆ ಅಲ್ಲೇ ಅಡುಗೆ ಕೆಲಸ. ರಾತ್ರಿ ಹೊತ್ತು ಕಾಲೇಜಿಗೆ ಹೋಗಿ ಇಂಗ್ಲಿಷ್ ಕಲಿತರು. ಎಲೆಕ್ಟ್ರಾನಿಕ್ಸ್ ಕಲಿತು ಬರೋಸ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಹಿಡಿದರು. ಅಲ್ಲಿಗೆ ಬದುಕು ಒಂದು ಹದಕ್ಕೆ ಬಂದಿತ್ತು, ಸಂಬಳವೂ ಚೆನ್ನಾಗಿತ್ತು. ಅವರು ಅಲ್ಲಿಗೆ ನಿಲ್ಲಲಿಲ್ಲ. ಕೆಲಸ ಮಾಡುತ್ತಲೇ ಗಣಿತದಲ್ಲಿ ಮತ್ತೊಮ್ಮೆ ಡಿಗ್ರಿ ಮಾಡಿ, ಶಿಕ್ಷಕರ ಅರ್ಹತೆಯನ್ನೂ ಮತ್ತೊಮ್ಮೆ ಸಂಪಾದಿಸಿ, 1974ರಲ್ಲಿ ಕಡಿಮೆ ಸಂಬಳಕ್ಕೆ ಸರ್ಕಾರಿ ಶಾಲೆಗೆ ಬಂದರು. ಆಗ ಅವರಿಗೆ 43 ವರ್ಷ. ಒಮ್ಮೆ ಮೇಷ್ಟ್ರಾಗಿದ್ದವರು ಮತ್ತೆ ಮೇಷ್ಟ್ರಾಗಲು ಹತ್ತು ವರ್ಷ ಹಿಡಿಯಿತು.

ಅವರು ಸೇರಿದ ಶಾಲೆಯ ಸ್ಥಿತಿ ಏನಿತ್ತು ಅನ್ನುವುದನ್ನೂ ಹೇಳಬೇಕು. ಗಾರ್ಫೀಲ್ಡಿನಲ್ಲಿ ಓದುತ್ತಿದ್ದವರು ಹೆಚ್ಚುಕಡಿಮೆ ಎಲ್ಲರೂ ಮೆಕ್ಸಿಕನ್ ಮೂಲದ ದುಡಿಯುವ ಕುಟುಂಬಗಳ ಮಕ್ಕಳು. 1968ರ ಮಾರ್ಚ್‌ನಲ್ಲಿ ಗಾರ್ಫೀಲ್ಡ್ ಸೇರಿ ಆ ಭಾಗದ ಹಲವು ಹೈಸ್ಕೂಲುಗಳ ಸಾವಿರಾರು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದಿದ್ದರು. ನಮ್ಮನ್ನು ಕಾಲೇಜಿಗೆ ತಯಾರು ಮಾಡುತ್ತಿಲ್ಲ, ಕೈಕೆಲಸದ ಕಡೆಗೆ ತಳ್ಳುತ್ತಿದ್ದೀರಿ ಅನ್ನುವುದು ಅವರ ದೂರುಗಳಲ್ಲಿ ಒಂದು. ಅದಾಗಿ ಆರು ವರ್ಷದ ಮೇಲೆ ಎಸ್ಕಲಾಂಟೆ ಬಂದರು. ಕಂಪ್ಯೂಟರ್ ಕಲಿಸಬಹುದು ಅಂದುಕೊಂಡು ಬಂದವರಿಗೆ ಸಿಕ್ಕಿದ್ದು ಹೈಸ್ಕೂಲು ಮಕ್ಕಳಿಗೆ ಕೂಡು, ಕಳೆ ಕಲಿಸುವ ಕೆಲಸ. ಎಷ್ಟು ಬೇಸರವಾಯಿತೆಂದರೆ ಹಳೆಯ ಕಂಪನಿಗೆ ಫೋನ್ ಮಾಡಿ ಕೆಲಸ ವಾಪಸ್ ಕೊಡಿ ಅಂತ ಕೇಳಿದರು.

ಆದರೆ ಬೀಜಗಣಿತ ಕಲಿಯುತ್ತೇವೆ ಅಂತ 12 ಮಕ್ಕಳು ಒಪ್ಪಿದರು. ಅಷ್ಟು ಸಾಕಾಯಿತು, ಅವರು ಉಳಿದರು.

ಮೆಟ್ಟಿಲು ಕಟ್ಟಿದ್ದು

ಈಗ ಸ್ವಲ್ಪ ಗಣಿತದ ವಿಷಯಕ್ಕೆ ಬರೋಣ, ಇಲ್ಲದಿದ್ದರೆ ಮೇಷ್ಟ್ರು ನಿಜವಾಗಿ ಏನು ಮಾಡಿದರು ಅನ್ನುವುದು ಗೊತ್ತಾಗುವುದಿಲ್ಲ. ಅಮೆರಿಕದ ಹೈಸ್ಕೂಲುಗಳಲ್ಲಿ ಎಪಿ ಅನ್ನುವ ಪರೀಕ್ಷೆಗಳಿವೆ. ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠವನ್ನು ಹೈಸ್ಕೂಲಿನಲ್ಲೇ ಕಲಿತು ಬರೆಯುವ ಪರೀಕ್ಷೆ. 1ರಿಂದ 5ರವರೆಗೆ ಅಂಕ, 3 ಬಂದರೆ ಪಾಸು ಅಂತ ಲೆಕ್ಕ. ಕ್ಯಾಲ್ಕುಲಸ್‌ನಲ್ಲಿ ಎರಡು ಹಂತ, ಎಬಿ (AB) ಮತ್ತು ಅದಕ್ಕಿಂತ ಮುಂದಿನ ಬಿಸಿ (BC).

ಕ್ಯಾಲ್ಕುಲಸ್‌ನಲ್ಲಿ ಮಕ್ಕಳು ಬೀಳುವುದು ಬಹಳ ಸಲ ಕ್ಯಾಲ್ಕುಲಸ್‌ನಿಂದಲ್ಲ. ಡೆರಿವೇಟಿವ್, ಅಂದರೆ ಬದಲಾವಣೆಯ ವೇಗ, ತೆಗೆಯುವ ನಿಯಮವನ್ನು ಯಾರಾದರೂ ವಾರದಲ್ಲಿ ಕಲಿಯಬಹುದು. ಅದಾದ ಮೇಲೆ ಬರುವ ಉದ್ದುದ್ದದ ಬೀಜಗಣಿತ ಇದೆಯಲ್ಲ, ಭಿನ್ನರಾಶಿ ಒಟ್ಟುಗೂಡಿಸುವುದು, ಮೈನಸ್ ಚಿಹ್ನೆಯನ್ನು ಬ್ರಾಕೆಟ್ಟಿನ ಒಳಗೆ ಸರಿಯಾಗಿ ಒಯ್ಯುವುದು, ಸಮೀಕರಣ ಬಿಡಿಸುವುದು, ಅಲ್ಲಿ ಕೈ ನಡುಗುತ್ತದೆ. ತ್ರಿಕೋನಮಿತಿ ಬಂದರೆ ಇನ್ನೂ ಕಷ್ಟ. ಅಂದರೆ ಒಬ್ಬ ಹುಡುಗಿ 12ನೇ ತರಗತಿಯಲ್ಲಿ ಕ್ಯಾಲ್ಕುಲಸ್ ಪಾಸಾಗಬೇಕಾದರೆ ಅವಳ ಬೀಜಗಣಿತ ನಾಲ್ಕು ವರ್ಷ ಮೊದಲೇ ಗಟ್ಟಿಯಾಗಬೇಕು. ನಡುವೆ ರೇಖಾಗಣಿತ, ಎರಡನೇ ಹಂತದ ಬೀಜಗಣಿತ, ತ್ರಿಕೋನಮಿತಿ, ಎಲ್ಲ ಇರಬೇಕು. ಒಂದು ಮೆಟ್ಟಿಲು ಇಲ್ಲದಿದ್ದರೂ ಮೇಲಿನದಕ್ಕೆ ಕಾಲು ಸಿಗುವುದಿಲ್ಲ.

ಗಾರ್ಫೀಲ್ಡಿನಲ್ಲಿ ಆ ಮೆಟ್ಟಿಲುಗಳೇ ಇರಲಿಲ್ಲ. ಎಸ್ಕಲಾಂಟೆ ಮಾಡಿದ ದೊಡ್ಡ ಕೆಲಸ ಅದನ್ನು ಕಟ್ಟಿದ್ದು. ಮತ್ತು ಅದನ್ನು ಅವರು ಒಬ್ಬರೇ ಕಟ್ಟಲಿಲ್ಲ. ಬೆನ್ ಹಿಮೆನೆಸ್ ಎಂಬ ಇನ್ನೊಬ್ಬ ಗಣಿತದ ಮೇಷ್ಟ್ರು ಜೊತೆಗೆ ನಿಂತರು, ಕೆಳಗಿನ ಹಂತದ ತರಗತಿಗಳನ್ನು ಗಟ್ಟಿ ಮಾಡಿದರು. 1981ರಲ್ಲಿ ಹೆನ್ರಿ ಗ್ರಾಡಿಯಾಸ್ ಪ್ರಿನ್ಸಿಪಾಲ್ ಆದರು. ಅದಕ್ಕೆ ಮುಂಚೆ ಎಸ್ಕಲಾಂಟೆ ಆಡಳಿತದವರಿಂದ ಬೈಸಿಕೊಂಡಿದ್ದರು. ಬೆಳಿಗ್ಗೆ ತುಂಬಾ ಬೇಗ ಬರುತ್ತೀರಿ, ಸಂಜೆ ತುಂಬಾ ತಡವಾಗಿ ಹೋಗುತ್ತೀರಿ, ಪರೀಕ್ಷೆ ಫೀಸಿಗೆ ಅನುಮತಿ ಇಲ್ಲದೆ ಹಣ ಕೂಡಿಸುತ್ತೀರಿ ಅಂತ. ಕೆಲಸ ಹೋಗುವ ಮಾತೂ ಬಂದಿತ್ತು. ಗ್ರಾಡಿಯಾಸ್ ಬಂದ ಮೇಲೆ ಗಾಳಿ ತಿರುಗಿತು. ಅವರು ಕೂಡು, ಕಳೆ ಮಟ್ಟದ ತರಗತಿಗಳನ್ನು ಕಡಿಮೆ ಮಾಡಿದರು, ಅದಕ್ಕೆ ಸೇರುವವರು ಜೊತೆಗೇ ಬೀಜಗಣಿತವನ್ನೂ ಓದಬೇಕು ಅಂತ ನಿಯಮ ತಂದರು. ಸುತ್ತಲಿನ ಜೂನಿಯರ್ ಹೈಸ್ಕೂಲುಗಳು 8, 9ನೇ ತರಗತಿಯಲ್ಲೇ ಬೀಜಗಣಿತ ಶುರು ಮಾಡುವಂತೆ ಅವರೂ ಎಸ್ಕಲಾಂಟೆ ಅವರೂ ಸೇರಿ ಒತ್ತಾಯ ಮಾಡಿದರು. ಈಸ್ಟ್ ಲಾಸ್ ಏಂಜಲೀಸ್ ಕಾಲೇಜಿನಲ್ಲಿ ಬೇಸಿಗೆ ತರಗತಿಗಳು ಶುರುವಾದವು. ಒಂದು ವರ್ಷದ ಪಾಠವನ್ನು ಕೆಲವು ವಾರಗಳಲ್ಲಿ ಕಲಿಸುವ ತರಗತಿಗಳು. ತಡವಾಗಿ ಓಟಕ್ಕೆ ಇಳಿದ ಮಕ್ಕಳು ರಜೆಯಲ್ಲಿ ಒಂದು ಮೆಟ್ಟಿಲು ಹತ್ತಿ, ಶಾಲೆ ತೆರೆದಾಗ ಉಳಿದವರ ಜೊತೆ ಸೇರಿಕೊಳ್ಳಬಹುದಿತ್ತು.

ನಡುವಿನ ವರ್ಷಗಳ ಲೆಕ್ಕ ನೋಡಿ. 1979ರಲ್ಲಿ ಐವರಲ್ಲಿ ಇಬ್ಬರು. 1980ರಲ್ಲಿ ಒಂಬತ್ತು ಮಂದಿಯಲ್ಲಿ ಏಳು. 1981ರಲ್ಲಿ 15ರಲ್ಲಿ 14. ಆಮೇಲೆ 1982. ಎಲ್ಲೂ ಧಿಡೀರ್ ಅಂತ ಏನೂ ಆಗಿಲ್ಲ.

ತರಗತಿಯ ಒಳಗೆ

ಮಕ್ಕಳು ಅವರನ್ನು ಕೀಮೋ ಅಂತ ಕರೆಯುತ್ತಿದ್ದರು. ಬಾಗಿಲಲ್ಲಿ ನಿಂತು ಹೋಮ್‌ವರ್ಕಿನ ಒಂದು ಪ್ರಶ್ನೆ ಕೇಳುತ್ತಿದ್ದರು, ಉತ್ತರ ಹೇಳಿದರೆ ಒಳಗೆ. ಇದಕ್ಕೂ ಒಬ್ಬ ಆಡಳಿತಗಾರರು ತಕರಾರು ತೆಗೆದಿದ್ದರು. ಮಕ್ಕಳು ಮತ್ತು ಅಪ್ಪ ಅಮ್ಮಂದಿರು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು, ಇಷ್ಟು ಹೊತ್ತು ಓದುತ್ತೇವೆ, ಹೆಚ್ಚಿನ ತರಗತಿಗಳಿಗೆ ಬರುತ್ತೇವೆ ಅಂತ. ಶಾಲೆ ಶುರುವಾಗುವ ಮುಂಚೆ ಪಾಠ, ಊಟದ ಹೊತ್ತಿನಲ್ಲಿ ಪಾಠ, ಸಂಜೆ ಪಾಠ, ಶನಿವಾರ ಪಾಠ. ಗೋಡೆ ತುಂಬಾ ಪೋಸ್ಟರ್‌ಗಳು. ಮಕ್ಕಳಿಗೆ ಬಾಸ್ಕೆಟ್‌ಬಾಲ್ ಇಷ್ಟ ಅಂತ ಗೊತ್ತಾಗಿ, ಲೆಕ್ಕದಲ್ಲಿ ಪದೇ ಪದೇ ಆಗುವ ತಪ್ಪುಗಳಿಗೆ, ಬಿಡಿಸುವ ದಾರಿಗಳಿಗೆ ಆಟದ ಹೆಸರುಗಳನ್ನೇ ಇಟ್ಟರು. ಮೂರು ಸೆಕೆಂಡಿನ ಫೌಲ್ ಅಂತ ಒಂದಕ್ಕೆ, ಗಿವ್ ಆ್ಯಂಡ್ ಗೋ ಅಂತ ಇನ್ನೊಂದಕ್ಕೆ. ಆ ಹೆಸರು ಕೂಗಿದರೆ ಸಾಕು, ಎಲ್ಲಿ ಎಡವಿದೆ ಅಂತ ಹುಡುಗನಿಗೆ ತಾನಾಗಿಯೇ ಗೊತ್ತಾಗುತ್ತಿತ್ತು. ಇದು ಸುಮ್ನೆ ತಮಾಷೆಗೆ ಮಾಡಿದ್ದಲ್ಲ. ತಪ್ಪಿಗೆ ಒಂದು ಹೆಸರು ಬಂದರೆ ಅದು ನನ್ನ ದಡ್ಡತನ ಅನ್ನುವ ಭಾವನೆ ಹೋಗಿ, ಸರಿ ಮಾಡಬಹುದಾದ ಒಂದು ವಸ್ತುವಾಗುತ್ತದೆ, ಅಲ್ವಾ? ಗಣಿತಕ್ಕೆ ಹೆದರಿದ ಮಕ್ಕಳ ಜೊತೆ ಕೂತವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಅವರ ಬಾಯಲ್ಲಿ ಸದಾ ಇದ್ದ ಮಾತು ಗಾನಾಸ್. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಹಂಬಲ, ಮಾಡಿಯೇ ತೀರುತ್ತೇನೆ ಅನ್ನುವ ಹಟ ಅಂತ ಅರ್ಥ. ಜಾಣ ಮಕ್ಕಳನ್ನು ಆರಿಸಿಕೊಂಡು ಕಲಿಸುವ ಪದ್ಧತಿ ಅವರಿಗೆ ಹಿಡಿಸುತ್ತಿರಲಿಲ್ಲ. ಪ್ರತಿಭಾವಂತ ಅಂತ ಶಾಲೆ ಮುದ್ರೆ ಒತ್ತಿದೆಯೋ ಇಲ್ಲವೋ ಅನ್ನುವುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಬರಲು ಮನಸ್ಸಿದೆಯಾ, ಕೂತು ಮಾಡುತ್ತೀಯಾ, ಹಾಗಾದರೆ ಬಾ.

ಅವರು ಸೌಮ್ಯ ಸ್ವಭಾವದವರೇನಲ್ಲ. ರೇಗಿಸುತ್ತಿದ್ದರು, ಗದರುತ್ತಿದ್ದರು, ಬಿಟ್ಟುಹೋಗಲು ಹೊರಟವರನ್ನು ಬೆನ್ನು ಹತ್ತುತ್ತಿದ್ದರು. ಸಹೋದ್ಯೋಗಿಗಳ ಬಗ್ಗೆಯೂ ಮುಲಾಜಿಲ್ಲದೆ ಮಾತಾಡುತ್ತಿದ್ದರು. ಇದರ ಬೆಲೆಯನ್ನು ಅವರು ಮುಂದೆ ತೆತ್ತರು.

1982

ಆ ವರ್ಷ ಪರೀಕ್ಷೆಗೆ ಕೂತ 18 ಮಕ್ಕಳೂ ಪಾಸಾದರು. ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ 14 ಮಕ್ಕಳ ಉತ್ತರಗಳಲ್ಲಿ ಹೋಲಿಕೆ ಕಂಡು ಅನುಮಾನಪಟ್ಟಿತು. ಮತ್ತೆ ಬರೆಯಿರಿ, ಇಲ್ಲದಿದ್ದರೆ ಅಂಕ ರದ್ದು ಅಂತ ಹೇಳಿತು. 12 ಮಕ್ಕಳು ಮತ್ತೆ ಬರೆಯಲು ಒಪ್ಪಿದರು. ಆಗಸ್ಟ್ ತಿಂಗಳು, ಪುಸ್ತಕ ಮುಚ್ಚಿಟ್ಟು ಮೂರು ತಿಂಗಳಾಗಿತ್ತು, ತಯಾರಿಗೆ ಸಿಕ್ಕಿದ್ದು ಕೆಲವೇ ದಿನ. 12 ಮಂದಿಯೂ ಪಾಸಾದರು. ಈ ಮಕ್ಕಳ ಹೆಸರು ಬೇರೆ ಇದ್ದಿದ್ದರೆ, ಶಾಲೆ ಬೇರೆ ಕಡೆ ಇದ್ದಿದ್ದರೆ ಈ ಅನುಮಾನ ಬರುತ್ತಿತ್ತಾ ಅಂತ ಎಸ್ಕಲಾಂಟೆ ಕೇಳಿದರು. ಸಂಸ್ಥೆ ಇದನ್ನು ಒಪ್ಪಲಿಲ್ಲ. ತಾನು ನೋಡಿದ್ದು ಉತ್ತರಗಳನ್ನು ಮಾತ್ರ ಎಂದಿತು.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಆಮೇಲೆ ಪತ್ರಕರ್ತ ಜೇ ಮ್ಯಾಥ್ಯೂಸ್, ಎಸ್ಕಲಾಂಟೆ ಅವರನ್ನು ತುಂಬಾ ಮೆಚ್ಚಿದವರೇ, ಮಕ್ಕಳ ಒಪ್ಪಿಗೆ ಪಡೆದು ಉತ್ತರ ಪತ್ರಿಕೆಗಳನ್ನು ನೋಡಿದರು. ಆರನೇ ಪ್ರಶ್ನೆಯಲ್ಲಿ ಒಂಬತ್ತು ಮಕ್ಕಳ ತಪ್ಪು ಒಂದೇ ತರಹ ಇತ್ತು, ಒಂದು ಚೀಟಿ ಓಡಾಡಿತ್ತು ಅಂತ ಇಬ್ಬರು ಹೇಳಿದರು. ಮೇಷ್ಟ್ರನ್ನು ಇಷ್ಟಪಡುವವರು ಇದನ್ನು ಬಿಟ್ಟು ಹೇಳುತ್ತಾರೆ. ಬಿಡುವ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಮೊದಲ ಸಲ ಏನೇ ಆಗಿರಲಿ, ಎರಡನೇ ಸಲ ಕಾವಲಿನಲ್ಲಿ ಕೂತು ಹೊಸ ಪ್ರಶ್ನೆ ಪತ್ರಿಕೆ ಬರೆದು 12 ಮಂದಿ ಪಾಸಾದರು. ಕ್ಯಾಲ್ಕುಲಸ್ ಬರದೆ ಅದು ಸಾಧ್ಯವಿಲ್ಲ. ಮತ್ತೆ ಮುಂದಿನ ವರ್ಷಗಳನ್ನೂ ನೋಡಬೇಕಲ್ಲ: 1983ರಲ್ಲಿ 33 ಮಂದಿ ಬರೆದು 30 ಮಂದಿ ಪಾಸಾದರು. 1987ರಲ್ಲಿ ಎಬಿ ಹಂತದಲ್ಲಿ 73, ಬಿಸಿ ಹಂತದಲ್ಲಿ ಇನ್ನೂ 12.

85 ಮಕ್ಕಳು, ಒಂದು ಬಡ ಬಡಾವಣೆಯ ಸರ್ಕಾರಿ ಶಾಲೆಯಿಂದ. ಆ ವರ್ಷ ಇಡೀ ದೇಶದಲ್ಲಿ ಕ್ಯಾಲ್ಕುಲಸ್ ಪಾಸಾದ ಮೆಕ್ಸಿಕನ್ ಮೂಲದ ಮಕ್ಕಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಈ ಒಂದೇ ಶಾಲೆಯವರು. ಇದು ಶಾಲೆಗೆ ಹೆಮ್ಮೆ, ನಿಜ. ಆದರೆ ಉಳಿದ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಆ ಬಾಗಿಲೇ ತೆರೆಯಲಿಲ್ಲ ಅನ್ನುವುದೂ ಇದೇ ಅಂಕಿಯಲ್ಲಿದೆ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಸಿನಿಮಾ ಕಲಿಸಿದ ತಪ್ಪು ಪಾಠ

1988ರಲ್ಲಿ ಸಿನಿಮಾ ಬಂತು. ಮೇಷ್ಟ್ರ ಪಾತ್ರ ಮಾಡಿದ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಅದೇ ವರ್ಷ ಅಧ್ಯಕ್ಷ ರೇಗನ್ ಎಸ್ಕಲಾಂಟೆ ಅವರಿಗೆ ಪದಕ ಕೊಟ್ಟರು. ಸಿನಿಮಾದಿಂದ ಲಕ್ಷಾಂತರ ಜನಕ್ಕೆ ಅವರು ಪರಿಚಯವಾದರು, ಒಳ್ಳೆಯದೇ. ಆದರೆ ಅದನ್ನು ನೋಡಿದವರಿಗೆ ಉಳಿಯುವ ಚಿತ್ರ ಏನು? ಭಿನ್ನರಾಶಿ ಬರದ ಮಕ್ಕಳು, ಒಬ್ಬ ಹಟಮಾರಿ ಮೇಷ್ಟ್ರು, ಒಂದೆರಡು ವರ್ಷದಲ್ಲಿ ಕ್ಯಾಲ್ಕುಲಸ್. ಎಸ್ಕಲಾಂಟೆ ಅವರೇ ಸಿನಿಮಾದಲ್ಲಿ 90 ಪಾಲು ಸತ್ಯ, 10 ಪಾಲು ನಾಟಕ ಎಂದಿದ್ದರು. ನನಗೆ ತೊಂದರೆ ಕಾಣುವುದು ಆ 10 ಪಾಲಿನಲ್ಲಿ. ಯಾಕೆಂದರೆ ಆ ಚಿತ್ರವನ್ನು ನಂಬಿದ ಆಡಳಿತಗಾರರಿಗೆ ಎಂಟು ವರ್ಷದ ಕೆಲಸ ಕಾಣುವುದಿಲ್ಲ. ಜೂನಿಯರ್ ಹೈಸ್ಕೂಲಿನ ಬೀಜಗಣಿತ ಕಾಣುವುದಿಲ್ಲ, ಹಿಮೆನೆಸ್ ಕಾಣುವುದಿಲ್ಲ, ಬೇಸಿಗೆ ತರಗತಿಗೆ ಬೇಕಾದ ಹಣ ಕಾಣುವುದಿಲ್ಲ. ಒಬ್ಬ ಒಳ್ಳೆಯ ಮೇಷ್ಟ್ರು ಸಿಕ್ಕಿದರೆ ಸಾಕು ಅನ್ನುವ ಸುಲಭದ ಉತ್ತರ ಕಾಣುತ್ತದೆ. ಆಮೇಲೆ ಫಲ ಬರದಿದ್ದರೆ ಮೇಷ್ಟ್ರದ್ದೇ ತಪ್ಪು ಅಂದರಾಯಿತು.

ಕಳಚಿಬಿದ್ದದ್ದು

1987ರಲ್ಲಿ ಗ್ರಾಡಿಯಾಸ್ ಡಾಕ್ಟರೇಟ್ ಮುಗಿಸಲು ರಜೆಯ ಮೇಲೆ ಹೋದರು. ವಾಪಸ್ ಆ ಶಾಲೆಗೆ ಪ್ರಿನ್ಸಿಪಾಲ್ ಆಗಿ ಬರಲು ಅವರಿಗೆ ಅವಕಾಶ ಸಿಗಲಿಲ್ಲ. ಆ ಹೊತ್ತಿಗೆ ಎಸ್ಕಲಾಂಟೆ ಅವರ ಕ್ಯಾಲ್ಕುಲಸ್ ತರಗತಿಯಲ್ಲಿ 50ಕ್ಕೂ ಜಾಸ್ತಿ ಮಕ್ಕಳು ಕೂರುತ್ತಿದ್ದರು, ಶಿಕ್ಷಕರ ಸಂಘದ ಒಪ್ಪಂದದ ಪ್ರಕಾರ ಮಿತಿ 35. ಸಂಘ ಆಕ್ಷೇಪಿಸಿತು. ಸಂಘದ ಮಾತಿನಲ್ಲೂ ನ್ಯಾಯ ಇದೆ. ಒಬ್ಬರು 50 ಮಕ್ಕಳನ್ನು ಹಿಡಿದರೆ ನಾಳೆ ಎಲ್ಲರಿಗೂ ಅಷ್ಟೇ ಕೊಡುತ್ತಾರೆ ಅನ್ನುವ ಭಯ ಸುಳ್ಳಲ್ಲ. ಆದರೆ ಬರುತ್ತೇನೆ ಅಂದ ಮಗುವನ್ನು ವಾಪಸ್ ಕಳಿಸುವುದು ಎಸ್ಕಲಾಂಟೆ ಅವರಿಂದ ಆಗುತ್ತಿರಲಿಲ್ಲ. ಜೊತೆಗೆ ಸಿನಿಮಾ ತಂದ ಹೆಸರು, ಅದರಿಂದ ಬಂದ ಅಸೂಯೆ, ಅವರದೇ ಒರಟು ಮಾತು. 1990ರಲ್ಲಿ ಗಣಿತ ವಿಭಾಗದ ಮುಖ್ಯಸ್ಥ ಸ್ಥಾನ ಕೈತಪ್ಪಿತು. ಆಗ ಬೀಜಗಣಿತದಿಂದ ಕ್ಯಾಲ್ಕುಲಸ್‌ವರೆಗೆ ಅವರ ಕಾರ್ಯಕ್ರಮದಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. 1991ರಲ್ಲಿ ಅವರೂ ಹಿಮೆನೆಸ್ ಅವರೂ ಗಾರ್ಫೀಲ್ಡ್ ಬಿಟ್ಟರು.

ಅವರ ನಂತರ ತರಗತಿ ಹಿಡಿದ ಮೇಷ್ಟ್ರು ಕೂಡ ಗಟ್ಟಿಗರೇ. ನೂರಕ್ಕೂ ಹೆಚ್ಚು ಮಕ್ಕಳನ್ನು ಎರಡೇ ಸೆಕ್ಷನ್‌ನಲ್ಲಿ ಇಟ್ಟುಕೊಂಡು ಕಲಿಸಿದರು, ಮೂರನೇ ಸೆಕ್ಷನ್ ಕೊಡಿ ಅಂತ ಕೇಳಿದರು, ಸಿಗಲಿಲ್ಲ, ಬಿಟ್ಟುಹೋದರು. 1996ರಲ್ಲಿ ಗಾರ್ಫೀಲ್ಡಿನಿಂದ ಎಬಿ ಪಾಸಾದವರು ಏಳು, ಬಿಸಿ ಪಾಸಾದವರು ನಾಲ್ಕು. ಒಂಬತ್ತು ವರ್ಷದಲ್ಲಿ 85ರಿಂದ 11ಕ್ಕೆ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಕಿ ಇದೇ. ಮಕ್ಕಳು ಅದೇ ಬಡಾವಣೆಯ ಮಕ್ಕಳು. ಅವರ ತಲೆ ಒಂಬತ್ತು ವರ್ಷದಲ್ಲಿ ಬದಲಾಗಲಿಲ್ಲ. ಮೆಟ್ಟಿಲು ನಿಂತಿದ್ದು ಮೂರು ನಾಲ್ಕು ಮಂದಿಯ ಹೆಗಲ ಮೇಲೆ, ಶಾಲೆಯ ನಿಯಮದಲ್ಲಿ ಅಲ್ಲ, ಇಲಾಖೆಯ ಬಜೆಟ್ಟಿನಲ್ಲಿ ಅಲ್ಲ. ಹೆಗಲು ಸರಿದ ಕೂಡಲೇ ಅದೂ ಕುಸಿಯಿತು. ಎಸ್ಕಲಾಂಟೆ ಸ್ವಲ್ಪ ಹೊಂದಿಕೊಂಡಿದ್ದರೆ ಉಳಿಯುತ್ತಿತ್ತು ಅಂತ ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಹೊಂದಿಕೊಳ್ಳುವ ಸ್ವಭಾವದವರಾಗಿದ್ದರೆ 1979ರಲ್ಲಿ ಇಬ್ಬರು ಪಾಸಾದಾಗಲೇ ಅವರು ಕೂಡು, ಕಳೆಗೆ ವಾಪಸ್ ಹೋಗಿರುತ್ತಿದ್ದರು.

ಆಮೇಲೆ

ಗಾರ್ಫೀಲ್ಡ್ ಬಿಟ್ಟ ಮೇಲೆ ಸ್ಯಾಕ್ರಮೆಂಟೊದ ಹೈರಮ್ ಜಾನ್ಸನ್ ಹೈಸ್ಕೂಲಿನಲ್ಲಿ ಕಲಿಸಿದರು. ಗಾರ್ಫೀಲ್ಡಿನಷ್ಟು ದೊಡ್ಡದು ಅಲ್ಲಿ ಬೆಳೆಯಲಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರಪೊಸಿಷನ್ 227 ಮತಕ್ಕೆ ಬಂತು, ಶಾಲೆಗಳಲ್ಲಿ ದ್ವಿಭಾಷಾ ಪಾಠದ ಬದಲು ಇಂಗ್ಲಿಷ್‌ನಲ್ಲೇ ಕಲಿಸಬೇಕು ಅನ್ನುವ ಪ್ರಸ್ತಾಪ. ಎಸ್ಕಲಾಂಟೆ ಅದರ ಪರವಾಗಿ ನಿಂತರು. ಅವರನ್ನು ಹೆಮ್ಮೆಯಿಂದ ನೋಡುತ್ತಿದ್ದ ಲ್ಯಾಟಿನೊ ಸಮುದಾಯದಲ್ಲಿ ಅನೇಕರಿಗೆ ಇದು ತುಂಬಾ ನೋವು ಕೊಟ್ಟಿತು, ಬೈಗುಳದ ಪತ್ರಗಳೂ ಬಂದವು. ಅವರ ಆ ನಿಲುವನ್ನು ನಾನು ಒಪ್ಪುವುದಿಲ್ಲ. ಮನೆಮಾತಿನಲ್ಲಿ ಕಲಿಯುವ ದಾರಿ ಮುಚ್ಚಿದರೆ ಸಣ್ಣ ಮಕ್ಕಳಿಗೆ ಮೊದಲ ಮೆಟ್ಟಿಲೇ ಎತ್ತರವಾಗುತ್ತದೆ. ನೆಲ ಒರೆಸುತ್ತಾ ರಾತ್ರಿ ತರಗತಿಯಲ್ಲಿ ಇಂಗ್ಲಿಷ್ ಕಲಿತ ಮನುಷ್ಯ ಹಾಗೆ ಯೋಚಿಸಿದ್ದು ಮಾತ್ರ ಅರ್ಥವಾಗುತ್ತದೆ.

2001ರಲ್ಲಿ ಬೊಲಿವಿಯಾಕ್ಕೆ ಮರಳಿ ಕೋಚಬಾಂಬಾದಲ್ಲಿ ಪಾಠ ಮಾಡಿದರು. ಆಗ ವಯಸ್ಸು 70. ಕ್ಯಾನ್ಸರ್ ಬಂದಾಗ ಚಿಕಿತ್ಸೆಯ ಖರ್ಚಿಗೆ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದರು. ಸಿನಿಮಾದಲ್ಲಿ ನಟಿಸಿದವರೂ ಕೈಜೋಡಿಸಿದರು. ಹಿಂದೆ ಪರೀಕ್ಷೆ ಫೀಸಿಗೆ ಹಣ ಕೂಡಿಸಿದ್ದಕ್ಕೆ ಬೈಸಿಕೊಂಡಿದ್ದ ಮೇಷ್ಟ್ರಿಗೆ, ಆ ಶಾಲೆಯ ಮಕ್ಕಳೇ ದೊಡ್ಡವರಾಗಿ ಹಣ ಕೂಡಿಸಿದರು. 2010ರ ಮಾರ್ಚ್ 30ರಂದು ಕ್ಯಾಲಿಫೋರ್ನಿಯಾದ ರೋಸ್‌ವಿಲ್‌ನಲ್ಲಿ ಮಗನ ಮನೆಯಲ್ಲಿ ತೀರಿಕೊಂಡರು. 2016ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು, ಹಿಂದೆ ಕರಿಹಲಗೆಯ ಮೇಲೆ ಕ್ಯಾಲ್ಕುಲಸ್ ಲೆಕ್ಕ.

ಗಾರ್ಫೀಲ್ಡಿನಲ್ಲಿ ಅವರ ತರಗತಿಯಲ್ಲಿ ಕೂತು ಗಣಿತ ಕಲಿತವರಲ್ಲಿ ಎರಿಕಾ ಕಮಾಚೊ ಒಬ್ಬರು. ಆಮೇಲೆ ಗಣಿತದ ಪ್ರೊಫೆಸರ್ ಆದರು. ಕಣ್ಣಿನ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಯಾಕೆ ಸಾಯುತ್ತವೆ, ಒಂದು ಜಾತಿಯ ಕೋಶ ಸತ್ತರೆ ಇನ್ನೊಂದು ಹೇಗೆ ಬದುಕುತ್ತದೆ ಅನ್ನುವುದನ್ನು ಸಮೀಕರಣಗಳಲ್ಲಿ ಬರೆದು ಹುಡುಕುವುದು ಅವರ ಕೆಲಸ, ಕುರುಡುತನ ತರುವ ಕಾಯಿಲೆಗಳನ್ನು ಅರ್ಥ ಮಾಡಿಕೊಳ್ಳಲು. ಕೋಶಗಳ ಸಂಖ್ಯೆ ಹೊತ್ತಿನಿಂದ ಹೊತ್ತಿಗೆ ಯಾವ ವೇಗದಲ್ಲಿ ಬದಲಾಗುತ್ತದೆ ಅನ್ನುವ ಆ ಸಮೀಕರಣಗಳು ಕ್ಯಾಲ್ಕುಲಸ್ಸೇ. ಈಗ ಆ ಮಟ್ಟಕ್ಕೆ ಬರುವ ಹೊಸ ಹುಡುಗ ಹುಡುಗಿಯರಿಗೆ ಅವರೇ ಮಾರ್ಗದರ್ಶನ ಮಾಡುತ್ತಾರೆ.